ಸಂಬಂಧ ನೋಡಲು ಬಂದವರು

ನಿನ್ನೆ ಮೊಮ್ಮಗುವಿಗೆ ಸ್ವೆಟರ್ ಹೆಣೆಯುತ್ತ ಕೂತಿದ್ದೆ. ಕಡ್ಡಿ ಜಾರಿ ಟಣ್ಣೆಂದು ನೆಲಕ್ಕೆ ಬಿತ್ತು ನೋಡಿ, ಆ ಸದ್ದಿಗೆ ನಾನು ನಂಗಲಿಯ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ಹೆಣಿಗೆಯಲ್ಲಿ ನನ್ನ ಕೈ ಅಷ್ಟೇನೂ ಚುರುಕಲ್ಲ. ಈ ಸ್ವೆಟರಿಗೆ ಸದ್ಯಕ್ಕೆ ತೋಳು ಒಂದೇ, ಅದೂ ಯಾವ ಕಡೆಯದೆಂದು ತೀರ್ಮಾನವಾಗಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದೆ. ವಿಷಯ ಅಂತರರಾಷ್ಟ್ರೀಯ ಸಂಬಂಧಗಳು. ನಮ್ಮ ಮೇಷ್ಟ್ರಿಗೆ ಅಂಕಿ ಅಂಶದ ಹುಚ್ಚು. "ಯಾವ ದೇಶ ಯಾರಿಗೆ ಸ್ನೇಹಿತ ಅಂತ ಭಾಷಣ ಬೇಡ, ಎಣಿಸಿ ತೋರಿಸಿ" ಅನ್ನೋರು. ಕಂಪ್ಯೂಟರು ನಮ್ಮಂಥವರ ಕೈಗೆ ಸಿಗುವ ಕಾಲವಲ್ಲ. ಅದಕ್ಕೆ ಅವರು ಕಲಿಸಿದ ಉಪಾಯ ಇದು: ದೇಶಕ್ಕೊಂದು ರಟ್ಟಿನ ಕಾರ್ಡು, ಅದರ ಅಂಚಿನಲ್ಲಿ ಪ್ರಶ್ನೆಗೊಂದು ತೂತು. ವಿಶ್ವಸಂಸ್ಥೆಯ ಸಭೆಯಲ್ಲಿ ಆ ದೇಶ ಹೌದೆಂದು ಮತ ಹಾಕಿದ್ದರೆ ತೂತನ್ನು ಅಂಚಿನವರೆಗೆ ಕತ್ತರಿಸಿಬಿಡುವುದು. ಆಮೇಲೆ ಕಾರ್ಡುಗಳ ಕಂತೆಗೆ ಹೆಣಿಗೆ ಕಡ್ಡಿ ತೂರಿಸಿ, ಎತ್ತಿ ಅಲುಗಿಸಿದರೆ ಹೌದೆಂದ ದೇಶಗಳೆಲ್ಲ ಉದುರುತ್ತವೆ. ಬೇಡವೆಂದವು ಕಡ್ಡಿಯಲ್ಲೇ ನೇತಾಡುತ್ತವೆ.

ರಜೆಗೆ ಆ ಕಂತೆಯನ್ನೇ ಹೊತ್ತುಕೊಂಡು ಊರಿಗೆ ಬಂದರೆ, ಅಪ್ಪ ಸದ್ದಿಲ್ಲದೆ ಶ್ರೀನಿವಾಸಪುರದಿಂದ ಗಂಡಿನ ಕಡೆಯವರನ್ನು ಕರೆಸಿದ್ದರು. ಒಪ್ಪಿಗೆಯಾದರೆ ಓದಿಗೆ ಮಂಗಳ. ಹುಡುಗ ಚೆನ್ನಾಗಿಯೇ ಇದ್ದ, ಅದು ಇನ್ನೊಂದು ತೊಂದರೆ!

"ಏನು ಓದ್ತಿದೀಯಮ್ಮ?" ಎಂದರು ಹುಡುಗನ ತಾಯಿ.

"ದೇಶದೇಶಗಳ ಸಂಬಂಧ."

"ಸಂಬಂಧಾನಾ? ನಾವೂ ಅದಕ್ಕೇ ಬಂದಿರೋದು ಕಣಮ್ಮ!"

ಮನೆಯೆಲ್ಲ ನಕ್ಕಿತು. ಆ ನಗುವಿನ ಧೈರ್ಯದಲ್ಲಿ ಕಂತೆ ತಂದು ಅಲುಗಿಸಿ ತೋರಿಸಿದೆ. ದೇಶಗಳು ಅವರ ಮಡಿಲಿಗೇ ಉದುರಿದವು. ಆಯಮ್ಮ ಮಕ್ಕಳ ಹಾಗೆ ಇನ್ನೊಮ್ಮೆ, ಇನ್ನೊಮ್ಮೆ ಅಂದರು. ಕೊನೆಗೆ, "ಓದು ಮುಗಿಯೋಕೆ ಇನ್ನೂ ಎಷ್ಟು ದಿನ?" ಎಂದು ಕೇಳಿದರು.

"ಒಂದು ವರ್ಷ."

"ಹಂಗಾದ್ರೆ ಕಾಯೋದಾ ಬೇಡ್ವಾ ಅಂತ ಇದರಲ್ಲೇ ತೀರ್ಮಾನ ಆಗ್ಲಿ. ತಲೆಗೊಂದು ಖಾಲಿ ಕಾರ್ಡು ತಗೊಳ್ಳಿ, ಕಾಯೋಣ ಅನ್ನೋರು ತೂತು ಕತ್ತರಿಸ್ರಪ್ಪ. ನೀನು ಒಳಗೆ ಹೋಗಮ್ಮ, ನೋಡಬಾರ್ದು."

ಅಡುಗೆಮನೆಯಲ್ಲಿ ನಿಂತು ನಾನು ಉಗುರು ಕಚ್ಚಿದೆ. ಕರೆದಾಗ ಬಂದು, ಕಡ್ಡಿ ತೂರಿಸಿ ಎತ್ತಿ ಅಲುಗಿಸಿದೆ. ಎಲ್ಲ ಉದುರಿದವು, ಒಂದೇ ಒಂದು ಉಳಿಯಿತು. ನಾನು ಅಪ್ಪನ ಮುಖ ನೋಡಿದೆ.

"ಅತ್ಲಾಗ್ಯಾಕೆ ನೋಡ್ತೀಯೇ? ನಾದೇ ಅದಿ!" ಅದು ನಂದೇ ಎಂದು ತನ್ನ ತೆಲುಗು ಬೆರೆತ ಮಾತಲ್ಲಿ ಅಂದಳು ನಮ್ಮಜ್ಜಿ. "ನಾನಿರೋವಾಗ್ಲೇ ನಿನ್ನ ಪೆಳ್ಳಿ ನೋಡ್ಬೇಕು ಕದಾ!"

ನೋಡಿದಳು. ಮರುವರ್ಷ ಎಂ.ಎ. ಮುಗಿಸಿ ಅದೇ ಹುಡುಗನನ್ನು ಮದುವೆಯಾದೆ. ಎಲ್ಲರಿಗಿಂತ ಹೆಚ್ಚು ಒಬ್ಬಟ್ಟು ತಿಂದವಳೂ ಅವಳೇ.

ನೆಂಟರೆದುರು ಮುಲಾಜಿಗೆ ಬಿದ್ದು ಅಪ್ಪ ಒಪ್ಪಿರಬೇಕೆಂದೇ ಇಷ್ಟು ವರ್ಷ ನಂಬಿದ್ದೆ. ನಿನ್ನೆ ಹಾಗೆಯೇ ಇವರ ಹತ್ತಿರ ಅಂದೆ. ಇವರು ಪೇಪರಿನಿಂದ ತಲೆ ಎತ್ತಿದರು.

"ಮುಲಾಜೇನು ಬಂತು? ನೀನು ಒಳಗೆ ಹೋದ ತಕ್ಷಣ ಮೊದಲು ಕತ್ತರಿ ಕೇಳಿದ್ದೇ ಮಾವನವರು ಕಣೇ. ನಾವೆಲ್ಲ ಅವರನ್ನ ನೋಡ್ಕೊಂಡೇ ಕತ್ತರಿಸಿದ್ದು."

ಅಪ್ಪ ಇಲ್ಲದೆ ಎಷ್ಟೋ ಕಾಲವಾಯಿತು. ಆದರೂ ನಿನ್ನೆ ಇಡೀ ಸಂಜೆ ಅವರು ಮನೆಗೆ ಬಂದು ಕೂತಿದ್ದ ಹಾಗಿತ್ತು.