ಹನ್ನೆರಡೂವರೆಯ ಊಟ

ಕಳೆದ ತಿಂಗಳು ಉಡುಪಿಯ ಸಂತೆಯಲ್ಲಿ ಒಂದು ಕಟ್ಟು ತಿಮರೆ, ಅಂದರೆ ಒಂದೆಲಗದ ಸೊಪ್ಪು ಕೊಂಡು ಮೂಸಿದೆ. ಕೂಡಲೇ ಹಿಂದೆ ನನ್ನ ಜೊತೆ ಕೆಲಸಕ್ಕಿದ್ದವಳ ಬುತ್ತಿ ನೆನಪಾಯಿತು... ಕುಚ್ಚಲಕ್ಕಿ ಗಂಜಿ, ಬೇಯಿಸಿದ ಹೆಸರುಕಾಳು, ಪಕ್ಕದಲ್ಲಿ ಹಸಿರು ತಿಮರೆ ಚಟ್ನಿ.

ಆಗ ಮಣಿಪಾಲದ ಒಂದು ಸಣ್ಣ ಲ್ಯಾಬಿನಲ್ಲಿ ನಾವಿಬ್ಬರೂ ಪರೀಕ್ಷೆಗೆ ರಕ್ತ ತೆಗೆಯುವವರು. ಅವಳು ಕಾಪುವಿನಿಂದ ಬರುತ್ತಿದ್ದಳು, ನನಗಿಂತ ಐದಾರು ವರ್ಷ ಚಿಕ್ಕವಳು. ಹನ್ನೆರಡೂವರೆ ಆಯಿತೆಂದರೆ ಕೈ ತೊಳೆದು ಊಟಕ್ಕೆ ಕೂತಳೆಂದೇ ಲೆಕ್ಕ. ನಾನೋ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಚಹಾ, ಮಧ್ಯಾಹ್ನ ಕ್ಯಾಂಟೀನಿನ ಕರಿದ ಗೋಳಿಬಜೆ, ಮತ್ತೆ ಚಹಾ. ಮೂರು ಗಂಟೆಗೆ ನನ್ನ ತಲೆ ಸಿಡಿಯುತ್ತಿತ್ತು. ಅವಳು ಆಗಲೂ ಅಳುವ ಮಗುವನ್ನು ನಗಿಸಿ ಸೂಜಿ ಚುಚ್ಚುತ್ತಿದ್ದಳು. ನನ್ನೆದುರಿನ ಕುರ್ಚಿ ಖಾಲಿ ಇದ್ದರೂ ಜನ ಅವಳಿಗಾಗಿ ಕಾಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ನಿದ್ದೆಗೆ, ಹೊಳೆಯುವ ಮುಖಕ್ಕೆ, ಸಿಟ್ಟೇ ಬಾರದ ಆ ಸ್ವಭಾವಕ್ಕೆ...

ಡ್ಯೂಟಿ ಚಾರ್ಟ್ ಬರೆಯುವುದು ನನ್ನ ಕೆಲಸವಾಗಿತ್ತು. ಒಂದು ಸೋಮವಾರ ಅವಳ ಊಟದ ಹೊತ್ತನ್ನು ಎರಡೂವರೆಗೆ ಹಾಕಿದೆ. ಏಕೆಂದು ಯಾರೂ ಕೇಳಲಿಲ್ಲ.

ಎರಡೂವರೆ ಎಂದರೂ ಜನ ಬಿಡಬೇಕಲ್ಲ, ಮೂರು ದಾಟುತ್ತಿತ್ತು. ಅರ್ಧ ಬುತ್ತಿ ಹಾಗೆಯೇ ಮನೆಗೆ ವಾಪಸು. ನಡುವೆ ನನ್ನಂತೆಯೇ ಚಹಾ ಕುಡಿಯತೊಡಗಿದಳು. ರಾತ್ರಿ ಸರಿಯಾಗಿ ನಿದ್ದೆ ಇಲ್ಲ ಎಂದಳು. ಕೊನೆಗೆ ಒಂದು ದಿನ, ನರ ಸಿಗದ ಅಜ್ಜಿಯೊಬ್ಬರಿಗೆ, "ಕೈ ಸರಿ ಇಡ್ಲಿಕ್ಕೆ ಎಂತ ಕಷ್ಟ ನಿಮಗೆ?" ಎಂದು ಗದರಿಬಿಟ್ಟಳು. ಆಮೇಲೆ ಒಳಗೆ ಹೋಗಿ ಅತ್ತಳು. ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು.

"ಅಕ್ಕಾ, ನನಗೆ ಮೊದಲಿನ ಹೊತ್ತೇ ಕೊಡಿ. ಹಸಿದ್ರೆ ನಾನು ನಾನಾಗಿ ಇರುವುದಿಲ್ಲ," ಎಂದು ಕೇಳಿದಳು.

"ನನ್ನ ಕೈಯಲ್ಲಿ ಎಂತ ಉಂಟು ಮಾರಾಯ್ತಿ? ಲ್ಯಾಬಿನ ಯಜಮಾನರು ಹೇಳಿದ್ದು," ಎಂದೆ.

ಅವಳು ಹೋಗಿ ಯಜಮಾನರನ್ನೇ ಕೇಳಿದಳಂತೆ. ಪಾಪ, ಅವರಿಗೆ ಈ ವಿಷಯವೇ ಗೊತ್ತಿರಲಿಲ್ಲ, ಚಾರ್ಟೆಲ್ಲ ನನಗೇ ಬಿಟ್ಟದ್ದೆಂದರಂತೆ. ನನ್ನ ಹತ್ತಿರ ಜಗಳಕ್ಕೆ ಬರುತ್ತಾಳೆಂದು ಕಾದೆ, ಬರಲಿಲ್ಲ. ತಿಂಗಳ ಕೊನೆಗೆ ಕಾರ್ಕಳದಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದಳು.

ಈಗ ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೈದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಸೊಪ್ಪು ಕಾಳು ತಿನ್ನುತ್ತೇನೆ. ತಲೆನೋವು ಕಡಿಮೆಯಾಗಿದೆ, ಸಿಡುಕೂ ಅಷ್ಟಿಲ್ಲ. ಅವಳು ಹುಟ್ಟುವಾಗಲೇ ಪಡೆದು ಬಂದದ್ದೆಂದು ನಾನು ಕರುಬಿದ್ದರಲ್ಲಿ ಮುಕ್ಕಾಲು ಪಾಲು ಹೊತ್ತಿಗೆ ಸರಿಯಾದ ಊಟವಷ್ಟೇ ಆಗಿತ್ತು. ಹಾಗೆ ಉಣ್ಣಬೇಡ ಎಂದು ನನ್ನನ್ನು ಯಾರೂ ತಡೆದಿರಲಿಲ್ಲ.

ಮೊನ್ನೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ಎದುರಾದಳು. ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಮುಖ ಮತ್ತೆ ಮೊದಲಿನಂತೆ ಹೊಳೆಯುತ್ತಿತ್ತು. ಸುಳ್ಳೇಕೆ ಹೇಳಲಿ, ನಾನು ಮತ್ತೆ ಕರುಬಿದೆ. "ಆರಾಮಾ ಅಕ್ಕಾ?" ಎಂದು ನಕ್ಕು ಬಸ್ ಹತ್ತಿದಳು. ಆ ಹೊತ್ತಿನಲ್ಲಿ ಸಿಕ್ಕವರು ಯಾರೇ ಇರಲಿ, ಗುರುತು ಅಷ್ಟಕ್ಕಷ್ಟೇ ಇದ್ದರೂ, ಊಟ ಆಯಿತೇ ಎಂದು ಕೇಳುವುದು ನಮ್ಮ ಕಡೆಯ ರೂಢಿ. ಅವಳು ಕೇಳಲಿಲ್ಲ.