ಸೋಮವಾರ ಹೂಡದ ಸರ್ವರ್

ಗೆಳೆಯರೇ, ಖಾನಾಪುರದ ನಮ್ಮ ವಾಚನಾಲಯದಲ್ಲಿ ಇಂದು ನಾನು ಜಗಳಕ್ಕೆ ನಿಂತು ಸೋತೆ. ಅಲ್ಲಿನ ಒಂದೇ ಸರ್ವರ್‌ನಲ್ಲಿ ಮೂರು ವರ್ಚುವಲ್ ಮಷಿನ್‌ಗಳಿವೆ, ಅಂದರೆ ಒಂದೇ ಯಂತ್ರದೊಳಗೆ ಮೂರು ಬೇರೆ ಬೇರೆ ಕಂಪ್ಯೂಟರ್‌ಗಳಿದ್ದಂತೆ. ಪ್ರತಿ ಸೋಮವಾರ ಮಧ್ಯಾಹ್ನ ಅವುಗಳ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಇಡೀ ಪ್ರತಿ, ತಾನಾಗಿ ಉಳಿಯುವಂತೆ ತಿಂಗಳ ಹಿಂದೆಯೇ ಹೊಂದಿಸಿದ್ದೆ. ಸೋಮವಾರ ಓದುಗರು ಬರುವುದಿಲ್ಲ, ಯಂತ್ರ ಬಿಡುವಾಗಿರುತ್ತದೆ. ಕಳೆದ ಶನಿವಾರ ನನ್ನದೇ ಕೈತಪ್ಪಿನಿಂದ ಪುಸ್ತಕಗಳ ಪಟ್ಟಿಯೆಲ್ಲ ಅಳಿಸಿಹೋಯಿತು. ಇಂದು ಬೆಳಗಾವಿಯಿಂದ ಮೊದಲ ಬಸ್ಸಿಗೇ ಬಂದು ಹಳೆಯ ಪ್ರತಿ ಹುಡುಕಿದರೆ ಒಂದೂ ಇಲ್ಲ!

ಕಸ ಗುಡಿಸುತ್ತಿದ್ದ ಪಾರವ್ವನನ್ನು ಕೇಳಿದೆ.

"ಸೋಮವಾರ ಇದನ್ನ ನಾನ ಬಂದ್ ಮಾಡ್ತೇನ್ರೀ. ಎತ್ತಿಗೂ ಸೋಮವಾರ ನೊಗಾ ಹಾಕೂದಿಲ್ಲ. ಇದರ ಮೈ ಮುಟ್ಟಿ ನೋಡ್ರಿ, ಜ್ವರ ಬಂದಂಗ ಸುಡ್ತೈತಿ," ಎಂದು ಸೆರಗಿನಿಂದ ಅದರ ದೂಳು ಒರೆಸಿದಳು. "ದುಡಿಯೋರಿಗೆ ವಾರದ ರಜಾ ಬೇಕಂತ ನೀವ ಚೀಟಿ ಹಂಚಿದ್ರಲ್ಲ?"

ನಿಜ, ಆ ಕರಪತ್ರ ಹಂಚಿದ್ದೆ.

"ಅದು ಯಂತ್ರಕ್ಕಲ್ಲವ್ವಾ, ನಿನ್ನಂಥೋರಿಗೆ!" ಎಂದು ಕೂಗಿದೆ.

"ನನಗ ರಜಾನ?" ಪಾರವ್ವ ನಕ್ಕಳು. "ಹಂಗಾರ ಸೋಮವಾರ ಇದನ್ನ ಬಂದ್ ಮಾಡಾಕ ಯಾರ್ ಬರ್ತಾರ್ರೀ?"

ಒಂದು ತಿಂಗಳು ಕೂತು ಮಾಡಿದ ಪಟ್ಟಿಯನ್ನು ಮತ್ತೆ ಟೈಪ್ ಮಾಡಬೇಕು, ಮಾಡುತ್ತೇನೆ. ಸ್ನ್ಯಾಪ್‌ಶಾಟನ್ನು ಮಂಗಳವಾರಕ್ಕೆ ಸರಿಸಿ, ಸೋಮವಾರ ಸರ್ವರ್‌ಗೂ ಪಾರವ್ವನಿಗೂ ರಜೆ ಕೊಡಬೇಕೆಂದು ವಾಚನಾಲಯದ ಕಾರ್ಯದರ್ಶಿಯವರಿಗೆ ಅರ್ಜಿ ಬರೆದುಕೊಟ್ಟೆ.

ಸರ್ವರ್‌ನ ರಜೆ ನಿಂತ ಕಾಲಲ್ಲೇ ಮಂಜೂರಾಯಿತು. ಪಾರವ್ವನದು ಮಾತ್ರ ಸಭೆಯಲ್ಲಿ ಚರ್ಚೆಯಾಗಬೇಕಂತೆ.