ಗೌರಕ್ಕನ ಹೆಬ್ಬೆರಳು

ಗೌರಕ್ಕ ಟೀ ಲೋಟವನ್ನು ಬೆರಳುಗಳಲ್ಲಿ ಹಿಡಿಯುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಹಕ್ಕಿಮರಿ ಎತ್ತಿದ ಹಾಗೆ ಎತ್ತುತ್ತಿದ್ದರು. ಚಳಿಗೆ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಏಪ್ರಿಲ್ ಬಿಸಿಲಲ್ಲೂ ಹಾಗೇ ಕುಡಿದಾಗ ಡೈರಿಯಲ್ಲಿ ಬರೆದಿಟ್ಟೆ: ಸೆಕೆಯಲ್ಲೂ ಎರಡು ಕೈ.

ಜಯನಗರದ ಆ ಮಸಾಜ್ ಸೆಂಟರಿಗೆ ನಾನು ಸೇರಿದ್ದು ಜೂನ್ ತಿಂಗಳ ಮೊದಲ ಸೋಮವಾರ, ಆರು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ಹಿಡಿದುಕೊಂಡು. ಗೌರಕ್ಕನ ಹತ್ತಿರ ಯಾವ ಕಾಗದವೂ ಇರಲಿಲ್ಲ. ಅವರಮ್ಮ ಉತ್ತರಹಳ್ಳಿಯ ಮನೆಗಳಲ್ಲಿ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವರು. ಮಗಳಿಗೆ ಕೆಲಸ ಬಂದದ್ದು ಅಲ್ಲಿಂದ. ಬಿಸಿ ಮಾಡಿದ ಎಣ್ಣೆಯನ್ನು ಗೌರಕ್ಕ ಮೊದಲು ತಮ್ಮ ಕೆನ್ನೆಗೆ ಮುಟ್ಟಿಸಿಕೊಳ್ಳುತ್ತಿದ್ದರು, ಆಮೇಲೆ ಮಲಗಿದವರ ಪಾದಕ್ಕೆ. "ಪಾದ ತಣ್ಣಗಿದ್ರೆ ಹೆದರ್ಕೊಂಡಿದಾರೆ ಅಂತ ತಿಳ್ಕೋ. ಅಂಥೋರ ಬೆನ್ನಿಗೆ ನಿಧಾನಕ್ಕೆ ಹೋಗು." ಕೋರ್ಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ದಿನಕ್ಕೆ ಎಷ್ಟು ಜನ, ಯಾರ ಕೈಯಲ್ಲಿ ಯಾವ ಮಸಾಜ್ ಅಂತ ನಾನು ಬರೆದಿಡುವುದು ಅವರಿಗೆ ತಮಾಷೆ. "ಏನ್ ಚಿತ್ರಗುಪ್ತಮ್ಮ, ನನ್ನ ಪಾಪ ಎಲ್ಲೀವರೆಗೂ ಬಂತು?" ಅಂತ ಕೇಳುತ್ತಿದ್ದರು.

"ಇವತ್ತಿಗೆ ಎಂಟು ಜನ ಅಕ್ಕ."

"ಅಷ್ಟೇನಾ? ಯಮ ಬರೋಕೆ ಇನ್ನೂ ಟೈಮಿದೆ ಬಿಡು."

ಸೇರಿದ ಹೊಸದರಲ್ಲಿ ಒಮ್ಮೆ ಕೇಳಿದ್ದೆ, ಈ ಕೆಲಸಕ್ಕೆ ಮುಂದೇನಿದೆ ಅಂತ. ಟವೆಲ್ ಮಡಚುತ್ತಾ ಹೇಳಿದರು: "ಕೆಲಸಕ್ಕೇನು ಕಣೇ, ಬೇಕಾದಷ್ಟು ಮುಂದಿದೆ. ಈ ಊರಲ್ಲಿ ಎಲ್ಲಾರ್ಗೂ ಕತ್ತು ನೋವು. ಕೈಗೇ ಮುಂದಿಲ್ಲ. ಹೆಬ್ಬೆರಳು ಉಳಿಸ್ಕೋ. ಒತ್ತೋ ಕಡೆ ಮೊಣಕೈ ಹಾಕು."

ತಮ್ಮದನ್ನು ಅವರು ಉಳಿಸಿಕೊಂಡಿರಲಿಲ್ಲ. ಎರಡೂ ಹೆಬ್ಬೆರಳ ಬುಡ ಊದಿಕೊಂಡಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೂರು ತಿಂಗಳು ಕೆಲಸ ಬಿಡಿ ಅಂದಿದ್ದರು. "ಬೆರಳಿಗೆ ಮೂರು ತಿಂಗಳು ರಜಾ ಅಂತೆ. ಹೊಟ್ಟೆಗೂ ಬರ್ಕೊಡಿ ಅನ್ಬೇಕಿತ್ತು," ಅಂತ ನಕ್ಕರು. ಗಂಡ ತೀರಿಕೊಂಡಿದ್ದರು. ಮಗಳ ನರ್ಸಿಂಗ್ ಮುಗಿಯಲು ಇನ್ನೊಂದು ವರ್ಷವಿತ್ತು. ಅಲ್ಲಿಯವರೆಗೆ ಕೈ ನಡೆದರೆ ಸಾಕು ಅನ್ನುತ್ತಿದ್ದರು.

ನಮ್ಮಲ್ಲಿ ಅಭ್ಯಂಗವನ್ನು ಇಬ್ಬರು ಮಾಡುತ್ತಾರೆ, ಮೇಜಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಕೈ ಸೋತಾಗ ಗೌರಕ್ಕ ಮೇಜಿನ ಅಂಚಿಗೆ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದರು. ಆಗ ನಾನು ಬಾಗಿ ಅವರ ಕಡೆಯ ಬೆನ್ನನ್ನೂ ಒತ್ತುತ್ತಿದ್ದೆ. ಅವರು ಅಂಗೈಯಲ್ಲಿ ಎಣ್ಣೆ ಮಾತ್ರ ಸವರುತ್ತಿದ್ದರು. ಕವುಚಿ ಮಲಗಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಅಂಥ ದಿನ ಡೈರಿಯಲ್ಲಿ ಅವರ ಹೆಸರಿನ ಪಕ್ಕ ಒಂದು ಚುಕ್ಕೆ ಇಡುತ್ತಿದ್ದೆ. ಆದದ್ದನ್ನು ಬರೆಯದೆ ಬಿಡುವುದು ನನಗೆ ಬರುವುದಿಲ್ಲ.

ಚುಕ್ಕೆಗಳು ಹೆಚ್ಚಾದವು. ಗೌರಕ್ಕನನ್ನು ಕೇಳದೆ, ಒಂದು ಶುಕ್ರವಾರ ಡೈರಿ ತೆಗೆದುಕೊಂಡು ಸೆಂಟರ್ ನಡೆಸುವ ಮೇಡಂ ಹತ್ತಿರ ಹೋದೆ. ಬೇರೆಯವರಿಗೆ ದಿನಕ್ಕೆ ಐದು ಜನ, ಗೌರಕ್ಕನಿಗೆ ಎಂಟು. ಹಳೆಯ ಕ್ಲೈಂಟುಗಳೆಲ್ಲ ಅವರನ್ನೇ ಕೇಳುತ್ತಿದ್ದರು. ನಾಲ್ಕಕ್ಕೆ ಇಳಿಸಿದರೆ ಅವರ ಕೈ ಒಂದು ವರ್ಷ ತಡೆದೀತು ಎಂಬುದು ನನ್ನ ಲೆಕ್ಕ. ಮೇಡಂ ತಾಳ್ಮೆಯಿಂದ ನೋಡಿದರು.

"ಈ ಚುಕ್ಕೆ ಏನಮ್ಮಾ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಅವತ್ತು ಅಕ್ಕನ ಕೈ ನಡೀಲಿಲ್ಲ ಮೇಡಂ. ಅವರ ಕಡೇದೂ ನಾನೇ ಮಾಡ್ದೆ."

ಅವರು ಹಿಂದಿನ ಪುಟಗಳನ್ನು ತಿರುವಿದರು. ಸಿಟ್ಟಾಗಲಿಲ್ಲ. "ಒಳ್ಳೆಯವರು, ಪಾಪ. ಆದ್ರೆ ಇಬ್ಬರು ಮಾಡ್ತಾರೆ ಅಂತ ಹೇಳಿ ಒಬ್ಬರ ಕೈಲಿ ಮಾಡಿಸೋದು ಸರಿನಾ, ನೀನೇ ಹೇಳು."

ಸೋಮವಾರ ಗೌರಕ್ಕನಿಗೆ ಇನ್ನು ಬರುವುದು ಬೇಡ ಅಂದರು. ಏಪ್ರನ್ ಮಡಚಿ ಚೀಲಕ್ಕೆ ಹಾಕುತ್ತಿದ್ದವರ ಮುಂದೆ ನಿಂತು ಎಲ್ಲ ಹೇಳಿದೆ. "ಕೆಲಸ ಕಡಿಮೆ ಮಾಡ್ಲಿ ಅಂತ ತೋರಿಸ್ದೆ ಅಕ್ಕ."

ಅವರು ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡರು. "ಕಡಿಮೆ ಆಯ್ತಲ್ಲ ಬಿಡು," ಅಂದರು.

ಐದು ತಿಂಗಳ ಮೇಲೆ, ಒಂದು ಭಾನುವಾರ, ಬನಶಂಕರಿಯಿಂದ ಬಸ್ ಹಿಡಿದು ಉತ್ತರಹಳ್ಳಿಯ ಅವರ ಮನೆಗೆ ಹೋದೆ. ಬೈಯುತ್ತಾರೇನೋ ಎಂದು ದಾರಿಯುದ್ದಕ್ಕೂ ಕಾಯುತ್ತಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಮಗಳು ಕಾಲೇಜು ಬಿಟ್ಟು ಮೆಡಿಕಲ್ ಶಾಪಿನ ಬಿಲ್ಲಿಂಗಿಗೆ ಹೋಗುತ್ತಿದ್ದಳು. ಗೌರಕ್ಕ ಟೀ ಕೊಟ್ಟು, ನನ್ನ ಬಲಗೈ ತೆಗೆದುಕೊಂಡು ಹೆಬ್ಬೆರಳ ಬುಡ ಮುಟ್ಟಿ ನೋಡಿದರು. ನಾನು ಕೈ ಎಳೆದುಕೊಂಡೆ.

"ನೋವು ಶುರುವಾಯ್ತಾ? ದಿನಕ್ಕೆ ಎಷ್ಟೀಗ?"

"ಎಂಟು. ನಿಮ್ಮ ಕ್ಲೈಂಟೂ ನಂಗೇ ಕೊಟ್ಟಿದಾರೆ."

ಎಣ್ಣೆ ಬಿಸಿ ಮಾಡಿ ತಂದರು. ಕೆನ್ನೆಗೆ ಮುಟ್ಟಿಸಿಕೊಂಡರು. ನನ್ನ ಕೈಯನ್ನು ತಮ್ಮ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಒತ್ತಲು ನೋಡಿದರು. ಆಗಲಿಲ್ಲ. ಹಾಗೇ ಹಿಡಿದುಕೊಂಡು ಕೂತರು. ಟೀ ಆರಿಹೋಯಿತು.

ಮುಂದಿನ ಸಲ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ತಲಘಟ್ಟಪುರದ ಕಡೆ ಹೋದರಂತೆ, ವಿಳಾಸ ಗೊತ್ತಿಲ್ಲ ಅಂದರು. ಅವರ ಫೋನ್ ನಂಬರೂ ಈಗ ಚಾಲ್ತಿಯಲ್ಲಿಲ್ಲ.

ಮೊನ್ನೆ ಗುರುವಾರ, ಆರನೆಯ ಅಭ್ಯಂಗದ ನಡುವೆ ನನ್ನ ಹೆಬ್ಬೆರಳು ನಿಂತುಬಿಟ್ಟಿತು. ಮೇಜಿನ ಅಂಚಿಗೆ ಎರಡು ಸಲ ತಟ್ಟಿದೆ. ಎದುರಿಗೆ ಹೊಸದಾಗಿ ಸೇರಿದವಳು. ತಲೆಯೆತ್ತಿ ಒಂದು ಸಲ ನೋಡಿ, ತನ್ನ ಕಡೆಯ ಬೆನ್ನಿಗೆ ಮತ್ತೆ ಬಾಗಿದಳು.